ಮೈಕ್ರೋಸೆಕೆಂಡಿನ ಲೆಕ್ಕ: ಹಳೆಯ ಸಿಎನ್‌ಸಿ ಯಂತ್ರಕ್ಕೆ ಹೊಸ ಗಣಕದ ನಂಟು

ಬೆಂಗಳೂರಿನ ಪೀಣ್ಯ ಕೈಗಾರಿಕಾ ವಸಾಹತಿನ ಯಾವುದಾದರೊಂದು ಅಡ್ಡರಸ್ತೆಯ ಸಣ್ಣ ಶೆಡ್ಡಿನೊಳಗೆ ಇಣುಕಿ ನೋಡಿ. ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತ ಸಿಎನ್‌ಸಿ ಲೇತ್ ಒಂದು ಕಣ್ಣಿಗೆ ಬೀಳುವ ಸಾಧ್ಯತೆ ಇದ್ದೇ ಇದೆ. ಅದರ ಎರಕದ ಬೆಡ್ಡಿಗೆ ಏನೂ ಆಗಿಲ್ಲ. ಬಾಲ್ ಸ್ಕ್ರೂ ಸುಸ್ಥಿತಿಯಲ್ಲಿದೆ. ಸ್ಪಿಂಡಲಿನ ಬೇರಿಂಗುಗಳು ಇನ್ನೂ ಹಲವು ವರ್ಷ ಬಾಳಬಲ್ಲವು. ಕೆಟ್ಟಿರುವುದು ಮಿದುಳು ಮಾತ್ರ. ಎಂಬತ್ತು ಅಥವಾ ತೊಂಬತ್ತರ ದಶಕದಲ್ಲಿ ಬಂದ ಕಂಟ್ರೋಲಿನ ಯಾವುದೋ ಒಂದು ಬೋರ್ಡು ಸುಟ್ಟುಹೋಗಿದೆ. ಅಂಥ ಬೋರ್ಡನ್ನು ತಯಾರಕರು ಕೈಬಿಟ್ಟು ಎಷ್ಟೋ ವರ್ಷಗಳಾಗಿವೆ. ಸೆಕೆಂಡ್ ಹ್ಯಾಂಡ್ ಬೋರ್ಡು ಸಿಕ್ಕರೂ ಅದು ಎಷ್ಟು ದಿನ ಬಾಳೀತೆಂದು ಹೇಳುವವರಿಲ್ಲ.

ಯಂತ್ರದ ಮಾಲೀಕನಿಗೆ ಆಗ ಮೂರು ದಾರಿಗಳು ಕಾಣುತ್ತವೆ. ತೂಕಕ್ಕೆ ಗುಜರಿಗೆ ಹಾಕುವುದು ಮೊದಲನೆಯದು. ಹೊಸ ಕಂಟ್ರೋಲು, ಹೊಸ ಡ್ರೈವು, ಹೊಸ ಮೋಟಾರುಗಳನ್ನು ಒಟ್ಟಾಗಿ ಕೊಂಡು ಕೂರಿಸುವುದು ಎರಡನೆಯದು. ಇದಕ್ಕೆ ತಗಲುವ ಹಣ ಎಷ್ಟೋ ಸಲ ಆ ಯಂತ್ರದ ಬೆಲೆಯನ್ನೇ ಮೀರುತ್ತದೆ. ಮೂರನೆಯದು, ಸಾಧಾರಣ ಮೇಜುಗಣಕವೊಂದಕ್ಕೆ ಲಿನಕ್ಸ್‌ಸಿಎನ್‌ಸಿಯಂಥ ಮುಕ್ತ ತಂತ್ರಾಂಶವನ್ನು ಹಾಕಿ ಅದನ್ನೇ ಕಂಟ್ರೋಲಾಗಿ ಮಾಡಿಕೊಳ್ಳುವುದು. ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ, ಗಣಕ ಮೊದಲೇ ಮನೆಯಲ್ಲಿ ಇರುತ್ತದೆ. ಹೀಗಾಗಿ ಈ ಮೂರನೆಯ ದಾರಿ ಬಹಳ ಸುಲಭವೆಂದು ತೋರುತ್ತದೆ. ಆದರೆ ಗಣಕವನ್ನು ಯಂತ್ರಕ್ಕೆ ಜೋಡಿಸುವ ಆ ನಡುವಿನ ಕಾರ್ಡು ಯಾವುದಿರಬೇಕೆಂಬ ಪ್ರಶ್ನೆ ಬಂದಾಗ ಬಹುತೇಕರು ಎಡವುತ್ತಾರೆ. ಇಲ್ಲಿ ತಪ್ಪಿದರೆ ಕಾರ್ಡಿನ ದುಡ್ಡು ಹೋಗುವುದಷ್ಟೇ ಅಲ್ಲ, ಟರೆಟ್ ಚಕ್ಕಿಗೆ ಗುದ್ದಿ ಉಳಿದಿದ್ದ ಒಳ್ಳೆಯ ಯಂತ್ರವೂ ಹೋಗಬಹುದು.

ವೇಗ ಬೇರೆ, ಲಯ ಬೇರೆ

ಇಂದಿನ ಸಾಮಾನ್ಯ ಗಣಕವೂ ಸೆಕೆಂಡಿಗೆ ನೂರಾರು ಕೋಟಿ ಸೂಚನೆಗಳನ್ನು ನಡೆಸಬಲ್ಲದು. ಮೂರು ಅಕ್ಷಗಳ ಲೇತ್ ಒಂದನ್ನು ನಡೆಸಲು ಅದಕ್ಕೇನು ಕಷ್ಟ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸಹಜವೇ. ಮೃದಂಗ ನುಡಿಸುವವರನ್ನು ನೆನೆದರೆ ಉತ್ತರ ಹೊಳೆಯುತ್ತದೆ. ಬೆರಳುಗಳು ಎಷ್ಟೇ ಚುರುಕಾಗಿದ್ದರೂ ಪೆಟ್ಟು ತಾಳದ ಮೇಲೆ ಬೀಳದಿದ್ದರೆ ಕಛೇರಿ ಕೆಡುತ್ತದೆ. ಯಂತ್ರನಿಯಂತ್ರಣದಲ್ಲಿ ‘ರಿಯಲ್ ಟೈಮ್’ ಎಂಬ ಮಾತಿಗಿರುವ ಅರ್ಥವೂ ಇದೇ: ಕೆಲಸ ಸರಾಸರಿಯಲ್ಲಿ ಬೇಗ ಮುಗಿದರೆ ಸಾಲದು, ಪ್ರತಿಬಾರಿಯೂ ನಿಗದಿತ ಗಳಿಗೆಯೊಳಗೆ ಮುಗಿಯಬೇಕು. ದಿನದ ಲಕ್ಷಾಂತರ ಆವರ್ತಗಳಲ್ಲಿ ಒಂದೇ ಒಂದು ತಪ್ಪಿದರೂ ಅದು ಲೋಹದ ಮೇಲೆ ಗೀರಾಗಿ ಉಳಿಯುತ್ತದೆ.

ಗಣಕವು ಸಾಮಾನ್ಯವಾಗಿ ಪ್ರತಿ 1 ಮಿಲಿಸೆಕೆಂಡಿಗೊಮ್ಮೆ ಅಕ್ಷ ಎಲ್ಲಿದೆ ಎಂದು ನೋಡಿ, ಎಲ್ಲಿರಬೇಕಿತ್ತು ಎಂಬುದರೊಡನೆ ಹೋಲಿಸಿ, ಮೋಟಾರಿಗೆ ಹೊಸ ಆಜ್ಞೆ ಕೊಡುತ್ತದೆ. ಇದನ್ನು ಸರ್ವೋ ಆವರ್ತ ಎನ್ನುತ್ತಾರೆ. ಟೂಲು ಮಿನಿಟಿಗೆ 3 ಮೀಟರ್ ವೇಗದಲ್ಲಿ ಸಾಗುತ್ತಿದೆ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 50 ಮಿ.ಮೀ. ಆಯಿತು. ಆಗ ಈ ಓದುವಿಕೆ 100 ಮೈಕ್ರೋಸೆಕೆಂಡು ತಡವಾದರೆ, ಅಷ್ಟರಲ್ಲಿ ಟೂಲು 5 ಮೈಕ್ರಾನ್ ಮುಂದೆ ಹೋಗಿರುತ್ತದೆ. 5 ಮೈಕ್ರಾನ್ ಅಂದರೆ ಕೂದಲೆಳೆಯ ಹತ್ತಿಪ್ಪತ್ತರಲ್ಲೊಂದು ಪಾಲು, ಅದರಿಂದೇನು ಎನ್ನುವಂತಿಲ್ಲ. 25 ಮಿ.ಮೀ. ರಂಧ್ರಕ್ಕೆ ಎಚ್7 ಎಂದು ಡ್ರಾಯಿಂಗಿನಲ್ಲಿ ಬರೆದಿದ್ದರೆ ಒಟ್ಟು ಅವಕಾಶವಿರುವುದೇ 21 ಮೈಕ್ರಾನ್. ಟೂಲಿನ ಸವೆತ, ಯಂತ್ರದ ಬಿಸಿ, ಆಪರೇಟರನ ಕೈ ಇವೆಲ್ಲ ಅದರಲ್ಲೇ ಪಾಲು ಕೇಳುತ್ತವೆ. ನಾಲ್ಕನೆಯ ಒಂದು ಪಾಲನ್ನು ಗಣಕವೇ ನುಂಗಿದರೆ ಜಾಬು ಪಾಸಾಗುವುದು ಕಷ್ಟ.

ಇದಕ್ಕಿಂತ ಗಾಢವಾದ ತೊಂದರೆ ಇನ್ನೊಂದಿದೆ. ಅಕ್ಷದ ವೇಗವನ್ನು ಗಣಕ ತಿಳಿಯುವುದು ಎರಡು ಓದುವಿಕೆಗಳ ನಡುವಿನ ದೂರವನ್ನು ಕಾಲದಿಂದ ಭಾಗಿಸಿ. ಕಾಲ 1000 ಮೈಕ್ರೋಸೆಕೆಂಡು ಎಂದು ಅದು ನಂಬಿರುವಾಗ ನಿಜದಲ್ಲಿ 1050 ಆಗಿದ್ದರೆ ವೇಗದ ಲೆಕ್ಕದಲ್ಲಿ ಶೇಕಡಾ 5ರಷ್ಟು ತಪ್ಪು. ಆ ತಪ್ಪನ್ನು ಸರಿಪಡಿಸಲೆಂದು ಸರ್ವೋ ಮೋಟಾರು ಸುಮ್ಮಸುಮ್ಮನೆ ಮುಂದಕ್ಕೂ ಹಿಂದಕ್ಕೂ ಜಗ್ಗುತ್ತದೆ. ಯಂತ್ರ ನಿಂತಲ್ಲೇ ಗೊರಗುಟ್ಟುವ ಸದ್ದು ಕೇಳಿ ಡ್ರೈವು ಕೆಟ್ಟಿದೆ ಎಂದು ತಿಳಿದು ಅದನ್ನು ಬದಲಾಯಿಸಿದವರೂ ಉಂಟು.

ಅಮೆರಿಕದ ಪ್ರಯೋಗಾಲಯದಿಂದ ಬಂದ ತಂತ್ರಾಂಶ

ಲಿನಕ್ಸ್‌ಸಿಎನ್‌ಸಿಯ ಮೂಲ ಅಮೆರಿಕ ಸರಕಾರದ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ ನಿಸ್ಟ್‌ನಲ್ಲಿದೆ. 1990ರ ದಶಕದಲ್ಲಿ ಅಲ್ಲಿ ‘ಎನ್‌ಹಾನ್ಸ್ಡ್ ಮೆಷಿನ್ ಕಂಟ್ರೋಲರ್’, ಅಂದರೆ ಇಎಂಸಿ ಎಂಬ ಹೆಸರಿನಲ್ಲಿ ಆರಂಭವಾದ ಯೋಜನೆಯ ಫಲವನ್ನು ಸಾರ್ವಜನಿಕರ ಕೈಗೆ ಮುಕ್ತವಾಗಿ ಬಿಡಲಾಯಿತು. ಮುಂದೆ ಸ್ವಯಂಸೇವಕರು ಅದನ್ನು ಬೆಳೆಸಿದರು. ದತ್ತಾಂಶ ಸಂಗ್ರಹಣೆಯ ಉದ್ಯಮದಲ್ಲಿದ್ದ ಇಎಂಸಿ ಎಂಬ ಕಂಪನಿ ಹೆಸರಿನ ಬಗ್ಗೆ ಆಕ್ಷೇಪವೆತ್ತಿದ ಮೇಲೆ, 2011-12ರ ವೇಳೆಗೆ ಈಗಿನ ಹೆಸರು ಬಂತು.

ಸಾಮಾನ್ಯ ಲಿನಕ್ಸ್ ಕರ್ನೆಲ್ ತಾಳ ತಪ್ಪದೆ ನುಡಿಸುವ ಪೈಕಿಯದಲ್ಲ. ಆದ್ದರಿಂದ ಬಹುಕಾಲ ಇಟಲಿಯ ಮಿಲಾನ್ ಪಾಲಿಟೆಕ್ನಿಕ್‌ನಲ್ಲಿ ಹುಟ್ಟಿದ ಆರ್‌ಟಿಎಐ ಎಂಬ ತೇಪೆಯನ್ನು ಕರ್ನೆಲ್‌ಗೆ ಹಚ್ಚಿ ಬಳಸಲಾಗುತ್ತಿತ್ತು. ಅದರ ಜೊತೆಜೊತೆಗೆ ಪ್ರಿಎಂಪ್ಟ್-ಆರ್‌ಟಿ ಎಂಬ ಮತ್ತೊಂದು ತೇಪೆ ಎರಡು ದಶಕಗಳ ಕಾಲ ಹೊರಗೇ ಬೆಳೆದು, ಕೊನೆಗೆ 2024ರಲ್ಲಿ ಬಿಡುಗಡೆಯಾದ 6.12ನೇ ಆವೃತ್ತಿಯಲ್ಲಿ ಮುಖ್ಯ ಕರ್ನೆಲ್‌ನ ಒಳಗೇ ಸೇರಿತು. ವರ್ಕ್‌ಶಾಪಿನವರಿಗೆ ಈ ಇತಿಹಾಸ ಬೇಕಿಲ್ಲದಿರಬಹುದು. ಆದರೆ ಕಾರ್ಡಿನ ಆಯ್ಕೆಗೂ ಇದಕ್ಕೂ ಸಂಬಂಧವಿದೆ. ಆರ್‌ಟಿಎಐ ತಡವಿಲ್ಲದ ಚುರುಕಿಗೆ ಹೆಸರಾದುದು. ಪ್ರಿಎಂಪ್ಟ್-ಆರ್‌ಟಿ ಅದಕ್ಕಿಂತ ಸ್ವಲ್ಪ ಸಡಿಲವಾದರೂ ಜಾಲಬಂಧವೇ ಮೊದಲಾದ ಕರ್ನೆಲ್‌ನ ಸಕಲ ಸೌಲಭ್ಯಗಳನ್ನೂ ಬಳಸಲು ಬಿಡುತ್ತದೆ. ಮೊದಲನೆಯದು ಪ್ರಿಂಟರ್ ಪೋರ್ಟಿನ ಕಾಲಕ್ಕೆ ಹೊಂದಿತು, ಎರಡನೆಯದು ಈಥರ್ನೆಟ್ ಕಾಲಕ್ಕೆ.

ಪ್ರಿಂಟರ್ ಪೋರ್ಟು ಎಲ್ಲಿಯವರೆಗೆ?

ಹಳೆಯ ಗಣಕಗಳ ಬೆನ್ನಿಗೆ 25 ಪಿನ್ನುಗಳ ಪ್ಯಾರಲಲ್ ಪೋರ್ಟು ಇರುತ್ತಿದ್ದುದನ್ನು ನೋಡಿದವರಿಗೆ ನೆನಪಿರಬಹುದು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆಂದು ಹುಟ್ಟಿದ ಈ ಪೋರ್ಟಿನಲ್ಲಿ 12 ಔಟ್‌ಪುಟ್ ಮತ್ತು 5 ಇನ್‌ಪುಟ್ ತಂತಿಗಳಿವೆ. ಸ್ಟೆಪ್ಪರ್ ಮೋಟಾರಿಗೆ ಬೇಕಾದುದು ಎರಡೇ ತಂತಿ: ‘ಒಂದು ಹೆಜ್ಜೆ ಇಡು’ ಎಂಬುದಕ್ಕೊಂದು, ‘ಯಾವ ದಿಕ್ಕಿಗೆ’ ಎಂಬುದಕ್ಕೊಂದು. ಹೀಗಾಗಿ ನಾಲ್ಕು ಅಕ್ಷಗಳಿಗೆ 8 ತಂತಿ ಹೋದರೂ ಸ್ಪಿಂಡಲ್, ಕೂಲೆಂಟುಗಳಿಗೆ ನಾಲ್ಕು ಉಳಿಯುತ್ತವೆ. ಇಷ್ಟು ಅಗ್ಗದ ಕಾರ್ಡು ಬೇರೊಂದಿಲ್ಲ.

ಪೋರ್ಟು ತಾನಾಗಿ ನಿಧಾನಿಯಲ್ಲ. ಒಂದು ಬರಹಕ್ಕೆ ಅದು ಹಿಡಿಯುವ ಕಾಲ ಒಂದು ಮೈಕ್ರೋಸೆಕೆಂಡಿನ ಆಸುಪಾಸು. ತೊಡಕಿರುವುದು ಪ್ರತಿಯೊಂದು ಹೆಜ್ಜೆಯನ್ನೂ ಗಣಕದ ಪ್ರೊಸೆಸರೇ ಎದ್ದು ಬಂದು ಇಡಬೇಕಾಗಿರುವುದರಲ್ಲಿ. ಇದಕ್ಕೆಂದು ಲಿನಕ್ಸ್‌ಸಿಎನ್‌ಸಿಯಲ್ಲಿ ‘ಬೇಸ್ ಥ್ರೆಡ್’ ಎಂಬ ಎರಡನೆಯ, ಹೆಚ್ಚು ಚುರುಕಾದ ಆವರ್ತವನ್ನು ಓಡಿಸಬೇಕಾಗುತ್ತದೆ. ಒಳ್ಳೆಯ ಗಣಕದಲ್ಲಿ ಅದು 25 ಮೈಕ್ರೋಸೆಕೆಂಡಿಗೊಮ್ಮೆ ಓಡಬಹುದು. ಒಂದು ಆವರ್ತದಲ್ಲಿ ತಂತಿಯನ್ನು ಎತ್ತಿ ಮುಂದಿನದರಲ್ಲಿ ಇಳಿಸಿದರೆ ಸೆಕೆಂಡಿಗೆ 20,000 ಹೆಜ್ಜೆ.

ಈಗ ಲೆಕ್ಕ ಹಾಕೋಣ. ಸುತ್ತಿಗೆ 2000 ಹೆಜ್ಜೆಯ ಸ್ಟೆಪ್ಪರ್, 5 ಮಿ.ಮೀ. ಪಿಚ್ಚಿನ ಸ್ಕ್ರೂ ಇದ್ದರೆ ಹೆಜ್ಜೆಗೆ 2.5 ಮೈಕ್ರಾನ್. 20,000 ಹೆಜ್ಜೆಗೆ ಸೆಕೆಂಡಿಗೆ 50 ಮಿ.ಮೀ., ಅಂದರೆ ಮಿನಿಟಿಗೆ 3 ಮೀಟರ್. ಮರ ಕೆತ್ತುವ ರೌಟರಿಗೆ, ಪ್ಲಾಸ್ಮಾ ಕತ್ತರಿಸುವ ಚಿಕ್ಕ ಮೇಜಿಗೆ, ಕಾಲೇಜಿನ ಪ್ರಾತ್ಯಕ್ಷಿಕೆಗೆ ಇಷ್ಟು ಧಾರಾಳವಾಯಿತು. ಆದರೆ ಹೆಜ್ಜೆಗೆ ಅರ್ಧ ಮೈಕ್ರಾನಿನ ನಿಖರತೆ ಬೇಕೆಂದು ಹೊರಟರೆ ಅದೇ ಪೋರ್ಟು ಮಿನಿಟಿಗೆ 60 ಸೆಂಟಿಮೀಟರಿಗೆ ಸುಸ್ತಾಗುತ್ತದೆ. ರಾಪಿಡ್ ಚಲನೆ ಮಿನಿಟಿಗೆ 60 ಸೆಂ.ಮೀ. ಆದರೆ ಉತ್ಪಾದನೆ ಎಂಬ ಮಾತನ್ನೇ ಆಡುವಂತಿಲ್ಲ.

ಲೇತ್ ವಿಷಯದಲ್ಲಿ ಇದಕ್ಕಿಂತ ಮೊದಲೇ ಮುಗ್ಗರಿಸುವ ಜಾಗ ಥ್ರೆಡ್ಡಿಂಗ್. ಮರೆ ಕೊರೆಯುವಾಗ ಟೂಲಿನ ಚಲನೆ ಸ್ಪಿಂಡಲಿನ ಸುತ್ತಿಗೆ ಹಲ್ಲಿಗೆ ಹಲ್ಲು ಕೂಡಿದಂತೆ ಹೊಂದಿಕೊಂಡಿರಬೇಕು. ಸ್ಪಿಂಡಲಿಗೆ ಸಾಮಾನ್ಯವಾಗಿ ಕೂರಿಸುವ 1024 ಗೆರೆಗಳ ಎನ್‌ಕೋಡರ್ ಸುತ್ತಿಗೆ 4096 ಎಣಿಕೆ ಕೊಡುತ್ತದೆ. ಮಿನಿಟಿಗೆ 1000 ಸುತ್ತಿನಲ್ಲಿ ಅದು ಸೆಕೆಂಡಿಗೆ 68,000ಕ್ಕೂ ಹೆಚ್ಚು. 25 ಮೈಕ್ರೋಸೆಕೆಂಡಿಗೊಮ್ಮೆ ಕಣ್ಣು ತೆರೆಯುವ ಗಣಕಕ್ಕೆ ಸೆಕೆಂಡಿಗೆ ಕಾಣುವುದು 40,000 ನೋಟ ಮಾತ್ರ. ಉಳಿದ ಎಣಿಕೆಗಳು ಕಾಣದೆಯೇ ಕಳೆದುಹೋಗುತ್ತವೆ. ಮರೆ ಮೊದಲ ಪಾಸಿನಲ್ಲಿ ಒಂದು ಕಡೆ, ಎರಡನೆಯ ಪಾಸಿನಲ್ಲಿ ಮತ್ತೊಂದು ಕಡೆ ಬೀಳುತ್ತದೆ. ಪೋರ್ಟನ್ನೇ ಇಟ್ಟುಕೊಳ್ಳುವವರು 100 ಗೆರೆಗಳ ಎನ್‌ಕೋಡರ್ ಹಾಕಿ ಈ ತೊಂದರೆಯಿಂದ ಪಾರಾಗುತ್ತಾರೆ. ಹವ್ಯಾಸಿಗೆ ಇದು ಸರಿ.

ಎಣಿಸುವ ಕೆಲಸ ಬೇರೆಯವರಿಗೆ

ನಿಜವಾದ ಪರಿಹಾರ ಬಂದದ್ದು ಕೆಲಸದ ಹಂಚಿಕೆಯಿಂದ. ಹೆಜ್ಜೆ ಇಡುವುದು, ಎಣಿಕೆ ಎಣಿಸುವುದು ಮುಂತಾದ ಯಾಂತ್ರಿಕವಾದ, ಆದರೆ ಅತಿಶೀಘ್ರದ ಕೆಲಸಗಳನ್ನು ಎಫ್‌ಪಿಜಿಎ ಎಂಬ ಚಿಪ್ಪಿಗೆ ಒಪ್ಪಿಸಿ, ಯೋಚಿಸುವ ಕೆಲಸವನ್ನು ಮಾತ್ರ ಗಣಕಕ್ಕೆ ಉಳಿಸಲಾಯಿತು. ಎಫ್‌ಪಿಜಿಎ ಎಂದರೆ ಒಳಗಿನ ಸರ್ಕ್ಯೂಟನ್ನು ನಮಗೆ ಬೇಕಾದಂತೆ ಬರೆದುಕೊಳ್ಳಬಹುದಾದ ಚಿಪ್ಪು. ಪ್ರೊಸೆಸರಿನಂತೆ ಅದು ಒಂದಾದ ಮೇಲೊಂದು ಕೆಲಸ ಮಾಡುವುದಿಲ್ಲ. ಹತ್ತು ಎಣಿಕೆಗಾರರನ್ನು ಒಳಗೆ ಬರೆದರೆ ಹತ್ತೂ ಜನ ಏಕಕಾಲಕ್ಕೆ ಎಣಿಸುತ್ತಾರೆ. ಕ್ಯಾಲಿಫೋರ್ನಿಯದ ಮೆಸಾ ಎಲೆಕ್ಟ್ರಾನಿಕ್ಸ್ ತಯಾರಿಸುವ ಕಾರ್ಡುಗಳು ಈ ರಂಗದಲ್ಲಿ ಮನೆಮಾತಾಗಿವೆ. ಅವುಗಳ ಒಳಗಿರುವ ‘ಹೋಸ್ಟ್‌ಮಾಟ್2’ ಎಂಬ ವಿನ್ಯಾಸವೂ ಮುಕ್ತವಾಗಿಯೇ ಲಭ್ಯ.

5 ಮಿ.ಮೀ. ಸ್ಕ್ರೂವಿಗೆ 2500 ಗೆರೆಗಳ ಎನ್‌ಕೋಡರ್ ಇರುವ ಸರ್ವೋ ಅಕ್ಷ ಮಿನಿಟಿಗೆ 20 ಮೀಟರ್ ಓಡಿದರೆ ಸೆಕೆಂಡಿಗೆ ಸುಮಾರು 6,67,000 ಎಣಿಕೆಗಳು ಹರಿದುಬರುತ್ತವೆ. ಎಫ್‌ಪಿಜಿಎಗೆ ಇದು ಲೆಕ್ಕಕ್ಕೇ ಇಲ್ಲ. ಗಣಕವು ಮಿಲಿಸೆಕೆಂಡಿಗೊಮ್ಮೆ ಬಂದು ‘ಈಗ ಎಷ್ಟಾಯಿತು?’ ಎಂದು ಕೇಳಿದರೆ ಸಾಕು. ಬೇಸ್ ಥ್ರೆಡ್ಡಿನ ಅಗತ್ಯವೇ ಹೋಯಿತು. 15 ಮೈಕ್ರೋಸೆಕೆಂಡಿನ ಚುರುಕು ಬೇಕೆಂದು ಗಣಕ ಹುಡುಕಿಕೊಂಡು ಅಲೆಯುವುದೂ ತಪ್ಪಿತು. ಗಣಕ ಕೇಳಲು ಬರುವ ಗಳಿಗೆ ಅಷ್ಟಿಷ್ಟು ಏರುಪೇರಾದರೂ, ಕಾರ್ಡು ತನ್ನ ಸ್ವಂತ ಗಡಿಯಾರದ ಪ್ರಕಾರ ನಿಗದಿತ ಕ್ಷಣದ ಎಣಿಕೆಯನ್ನು ಹಿಡಿದಿಟ್ಟು ಕೊಡುವ ವ್ಯವಸ್ಥೆಯೂ ಹೋಸ್ಟ್‌ಮಾಟ್2ರಲ್ಲಿದೆ. ಸರ್ವೋ ಗೊರಗುಟ್ಟುವ ಮೇಲಿನ ಕಾಯಿಲೆಗೆ ಇದು ಮದ್ದು.

ಇಂಥ ಹಂಚಿಕೆ ಮುಕ್ತ ತಂತ್ರಾಂಶದವರ ಸ್ವಂತ ಆವಿಷ್ಕಾರವೇನಲ್ಲ. ಫ್ಯಾನುಕ್ ಆಗಲಿ ಸೀಮೆನ್ಸ್ ಆಗಲಿ ತಮ್ಮ ಕಂಟ್ರೋಲುಗಳಲ್ಲಿ ಇದೇ ತತ್ತ್ವವನ್ನು ಬಹಳ ಕಾಲದಿಂದ ಬಳಸುತ್ತಿವೆ. ಅಲ್ಲಿ ಕಾರ್ಡೂ ಡ್ರೈವೂ ನಡುವಿನ ಕೇಬಲ್ಲಿನ ಭಾಷೆಯೂ ಒಂದೇ ಮನೆಯವು, ಹೊರಗಿನವರಿಗೆ ಪ್ರವೇಶವಿಲ್ಲ ಎಂಬುದಷ್ಟೇ ವ್ಯತ್ಯಾಸ.

ಒಂದು ಎಚ್ಚರಿಕೆ. ಕಾರ್ಡಿನ ವಿವರಪತ್ರದಲ್ಲಿ ಸೆಕೆಂಡಿಗೆ ಇಷ್ಟು ಮೆಗಾಹರ್ಟ್ಸ್ ಎಂದು ಬರೆದಿರುವುದನ್ನು ನೋಡಿ ಮರುಳಾಗಬಾರದು. ಪೇಟೆಯಲ್ಲಿ ದೊರೆಯುವ ಪಲ್ಸ್ ಮಾದರಿಯ ಎಸಿ ಸರ್ವೋ ಡ್ರೈವುಗಳು ಸಾಮಾನ್ಯವಾಗಿ ಒಂಟಿ ತಂತಿಯ ಜೋಡಣೆಯಲ್ಲಿ 200 ಕಿಲೋಹರ್ಟ್ಸ್, ಜೋಡಿ ತಂತಿಯ ಡಿಫರೆನ್ಷಿಯಲ್ ಜೋಡಣೆಯಲ್ಲಿ 500 ಕಿಲೋಹರ್ಟ್ಸ್‌ವರೆಗೆ ಮಾತ್ರ ಕೇಳಿಸಿಕೊಳ್ಳುತ್ತವೆ. ಹೇಳುವವನ ಬಾಯಿ ಎಷ್ಟು ಜೋರಿದ್ದರೇನು, ಕೇಳುವವನ ಕಿವಿ ಅಷ್ಟೇ ತಾನೆ? ಆದ್ದರಿಂದ ಮೊದಲು ಡ್ರೈವಿನ ಪುಸ್ತಕ ತೆರೆಯಬೇಕು, ಅನಂತರ ಕಾರ್ಡಿನದು.

ಒಳಗಿನ ಸ್ಲಾಟೋ, ಹೊರಗಿನ ಕೇಬಲ್ಲೋ

ಎಫ್‌ಪಿಜಿಎ ಕಾರ್ಡು ಗಣಕದೊಡನೆ ಮಾತಾಡಲು ಮೊದಲಿಗೆ ಪಿಸಿಐ ಸ್ಲಾಟೇ ಆಧಾರವಾಗಿತ್ತು. ಪ್ರೊಸೆಸರು ನೇರವಾಗಿ ಕಾರ್ಡಿನ ಸ್ಮೃತಿಯನ್ನು ಮುಟ್ಟುವುದರಿಂದ ಅಲ್ಲಿನ ತಡ ನಗಣ್ಯ. ಮೆಸಾದ 5ಐ25 ಪಿಸಿಐಗೂ 6ಐ25 ಪಿಸಿಐ ಎಕ್ಸ್‌ಪ್ರೆಸ್‌ಗೂ ಹೊಂದುವಂಥವು. ಈಗಲೂ ಅತಿ ಕಡಿಮೆ ತಡ ಬೇಕೆನ್ನುವವರಿಗೆ ಎಕ್ಸ್‌ಪ್ರೆಸ್ ಕಾರ್ಡಿನಷ್ಟು ನೆಮ್ಮದಿ ಬೇರೆಯದಿಲ್ಲ. ಆದರೆ ಹೊಸ ಮದರ್‌ಬೋರ್ಡುಗಳಲ್ಲಿ ಹಳೆಯ ಪಿಸಿಐ ಸ್ಲಾಟು ಬಹುತೇಕ ಕಣ್ಮರೆಯಾಗಿದೆ, ಅಂಗೈಯಗಲದ ಗಣಕಗಳಲ್ಲಂತೂ ಯಾವ ಸ್ಲಾಟೂ ಇರುವುದಿಲ್ಲ. ಜೊತೆಗೆ ಗಣಕವನ್ನು ಯಂತ್ರದ ಪಕ್ಕದಲ್ಲೇ ಕೂರಿಸಿ ದಪ್ಪ ಕೇಬಲ್ಲುಗಳನ್ನು ಅದರ ಬೆನ್ನಿಗೆ ಎಳೆಯಬೇಕಾದ ಕಿರಿಕಿರಿಯೂ ಇದೆ.

ಈ ಕಾರಣದಿಂದ ಈಚಿನ ವರ್ಷಗಳಲ್ಲಿ ಈಥರ್ನೆಟ್ ಮುಂದೆ ಬಂದಿದೆ. ಕಚೇರಿಯ ಕಡತ ಸಾಗಿಸುವ ಈಥರ್ನೆಟ್ ಯಂತ್ರನಿಯಂತ್ರಣಕ್ಕೆ ಹೇಗೆ ಸಲ್ಲುತ್ತದೆ ಎಂಬ ಸಂಶಯ ಹಳಬರಿಗೆ ಬರುವುದು ಸಹಜ. ನೂರು ಮೆಗಾಬಿಟ್ ಈಥರ್ನೆಟ್‌ನಲ್ಲಿ ಅತಿ ಚಿಕ್ಕ ಕಂತೆಯೊಂದು ತಂತಿಯ ಮೇಲೆ ಹಿಡಿಯುವ ಕಾಲ ಸುಮಾರು 6.7 ಮೈಕ್ರೋಸೆಕೆಂಡು ಮಾತ್ರ. ಕಚೇರಿಯ ಜಾಲದಲ್ಲಿ ತಡವಾಗುವುದು ಹತ್ತಾರು ಗಣಕಗಳು ಒಂದೇ ಸ್ವಿಚ್ಚಿನಲ್ಲಿ ಸರದಿ ನಿಲ್ಲುವುದರಿಂದ. ಗಣಕಕ್ಕೂ ಕಾರ್ಡಿಗೂ ನಡುವೆ ಒಂದೇ ಕೇಬಲ್, ಬೇರೆ ಯಾರಿಗೂ ಆ ದಾರಿಯಲ್ಲಿ ಪ್ರವೇಶವಿಲ್ಲ ಎಂದಾದರೆ ಮಿಲಿಸೆಕೆಂಡಿಗೊಮ್ಮೆ ಹೋಗಿ ಬರುವ ಮಾತುಕತೆ ಸಲೀಸಾಗಿ ನಡೆಯುತ್ತದೆ. ಮೆಸಾದ 7ಐ76ಇ ಇದೇ ಜಾತಿಯದು. ಐದು ಅಕ್ಷಗಳ ಸ್ಟೆಪ್ ಸಂಕೇತ, ಸ್ಪಿಂಡಲಿನ ಎನ್‌ಕೋಡರಿಗೊಂದು ಜಾಗ, ಸ್ಪಿಂಡಲ್ ವೇಗಕ್ಕೆ ಅನಲಾಗ್ ವೋಲ್ಟೇಜು, ಮಿತಿಸ್ವಿಚ್ಚು-ರಿಲೇಗಳಿಗಾಗಿ 32 ಇನ್‌ಪುಟ್ ಮತ್ತು 16 ಔಟ್‌ಪುಟ್ ಎಲ್ಲವೂ ಒಂದೇ ಬೋರ್ಡಿನಲ್ಲಿವೆ.

ಆದರೆ ಮನಸ್ಸಿನಲ್ಲಿಡಬೇಕಾದ ಕೆಲವು ಸಂಗತಿಗಳಿವೆ. ಈ ಕಾರ್ಡಿನ ಕೇಬಲ್ಲನ್ನು ಕಚೇರಿಯ ಸ್ವಿಚ್ಚಿಗೆ ಚುಚ್ಚಬಾರದು. ಅಂತರಜಾಲವೂ ಬೇಕಿದ್ದರೆ ಎರಡನೆಯ ಪೋರ್ಟಿರುವ ಗಣಕ ಕೊಳ್ಳಬೇಕು. ಕೆಲವು ನೆಟ್‌ವರ್ಕ್ ಚಿಪ್ಪುಗಳು ಬಂದ ಕಂತೆಗಳನ್ನು ಒಂದೊಂದಾಗಿ ತಿಳಿಸದೆ ಗುಂಪುಗೂಡಿಸಿ ಒಟ್ಟಿಗೆ ತಿಳಿಸುವ ಜಾಣತನ ತೋರುತ್ತವೆ. ಸರ್ವರುಗಳಿಗೆ ಒಳ್ಳೆಯದಾದ ಈ ಅಭ್ಯಾಸ ಇಲ್ಲಿ ಘಾತಕ, ಅದನ್ನು ಸೆಟ್ಟಿಂಗಿನಲ್ಲಿ ಆರಿಸಬೇಕು. ರಾಸ್‌ಬೆರಿ ಪೈ ಬಳಸುವವರಿಗೆ ಅದರ ಎಸ್‌ಪಿಐ ಪಿನ್ನುಗಳಿಗೇ ಕೂರುವ ಕಾರ್ಡುಗಳೂ ಉಂಟು, ಚಿಕ್ಕ ಯಂತ್ರಗಳಿಗೆ ಅವು ಸಾಕು.

ಯುಎಸ್‌ಬಿ ಯಾಕೆ ಬೇಡ?

ಎಲ್ಲರೂ ಮೊದಲು ಕೇಳುವ ಪ್ರಶ್ನೆಯಿದು. ಪ್ರತಿ ಗಣಕದಲ್ಲೂ ಇರುವ ಯುಎಸ್‌ಬಿಯನ್ನು ಬಿಟ್ಟು ಈ ಕಸರತ್ತೆಲ್ಲ ಏಕೆ? ಯುಎಸ್‌ಬಿಯಲ್ಲಿ ಸಾಧನವು ತಾನಾಗಿ ಮಾತಾಡುವಂತಿಲ್ಲ, ಗಣಕ ಕೇಳಿದಾಗ ಉತ್ತರಿಸಬೇಕು. ಹೈಸ್ಪೀಡ್ ಯುಎಸ್‌ಬಿಯಲ್ಲಿ ಈ ಸರದಿ 125 ಮೈಕ್ರೋಸೆಕೆಂಡಿನ ಕಂತುಗಳಲ್ಲಿ ಬರುತ್ತದೆ. ಕಾಗದದ ಮೇಲೆ ಇದೂ ಸಾಕಷ್ಟು ಚುರುಕೇ. ಆದರೆ ಆ ಕಂತುಗಳ ಮೇಲೆ ಕುಳಿತಿರುವ ತಂತ್ರಾಂಶದ ಪದರಗಳು ‘ಇಷ್ಟು ಹೊತ್ತಿನೊಳಗೆ ಖಂಡಿತ’ ಎಂಬ ಮಾತನ್ನು ಕೊಡುವುದಿಲ್ಲ. ನೈಜಕಾಲದ ಚಲನೆಗೆ ಲಿನಕ್ಸ್‌ಸಿಎನ್‌ಸಿ ಯುಎಸ್‌ಬಿಯನ್ನು ನೆಚ್ಚದಿರುವುದು ಇದಕ್ಕೇ.

ಹಾಗಾದರೆ ಪೇಟೆಯಲ್ಲಿ ಮಾರುವ ಯುಎಸ್‌ಬಿ ಚಲನಾ ಕಾರ್ಡುಗಳೆಲ್ಲ ಸುಳ್ಳೇ? ಅಲ್ಲ. ಅವು ಬೇರೆ ಉಪಾಯ ಹೂಡುತ್ತವೆ. ಚಲನೆಯ ಮುಂದಿನ ಕೆಲವು ತುಣುಕುಗಳನ್ನು ಗಣಕ ಮೊದಲೇ ಕಳಿಸಿಬಿಡುತ್ತದೆ, ಕಾರ್ಡು ತನ್ನ ಸಂಚಿಯಲ್ಲಿ ಇಟ್ಟುಕೊಂಡು ಒಂದೊಂದಾಗಿ ನಡೆಸುತ್ತದೆ. ಕೆತ್ತನೆಯ ಕೆಲಸಕ್ಕೆ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಎನ್‌ಕೋಡರಿನಿಂದ ಮರಳಿ ಬಂದ ಮಾಹಿತಿಯ ಮೇಲೆ ಗಣಕವೇ ಆಯಾ ಕ್ಷಣಕ್ಕೆ ತೀರ್ಮಾನ ಮಾಡಬೇಕಾದಲ್ಲಿ, ಸ್ಪಿಂಡಲ್ ನಿಧಾನವಾದೊಡನೆ ಟೂಲೂ ನಿಧಾನವಾಗಬೇಕಾದಲ್ಲಿ, ಈ ಸಂಚಿಯೇ ಅಡ್ಡಿ. ಮೊದಲೇ ಕಳಿಸಿದ್ದನ್ನು ಹಿಂದಕ್ಕೆ ಕರೆಯುವುದು ಹೇಗೆ?

ಇನ್ನೊಂದು ತೊಂದರೆ ಪುಸ್ತಕದಲ್ಲಿ ಕಾಣುವುದಿಲ್ಲ, ಶೆಡ್ಡಿನಲ್ಲಿ ಕಾಣುತ್ತದೆ. ಪರಿಚಿತರೊಬ್ಬರು ತಮ್ಮ ಮಿಲ್ಲಿಂಗ್ ಯಂತ್ರಕ್ಕೆ ಅಗ್ಗದ ಯುಎಸ್‌ಬಿ ಕಾರ್ಡು ಹಾಕಿ, ಒಂದು ವಾರ ಚೆನ್ನಾಗಿ ಓಡಿತೆಂದು ಹಿಗ್ಗಿದ್ದರು. ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಸೆಟ್ಟು ಶುರುವಾದಾಗಲೆಲ್ಲ ಗಣಕ ‘ಸಾಧನ ಕಳಚಿದೆ’ ಎಂದು ಸಾರಿ ಜಾಬು ಅರ್ಧಕ್ಕೆ ನಿಲ್ಲತೊಡಗಿತು. ಕೇಬಲ್ ಬದಲಾಯಿಸಿದರು, ಫೆರೈಟ್ ಮಣಿ ಹಾಕಿದರು, ನೆರೆಯವರೊಡನೆ ಜಗಳವನ್ನೂ ಆಡಿದರು. ಈಥರ್ನೆಟ್ ಕೇಬಲ್ಲಿನ ಎರಡೂ ತುದಿಗಳಲ್ಲಿ ಚಿಕ್ಕ ಟ್ರಾನ್ಸ್‌ಫಾರ್ಮರುಗಳು ವಿದ್ಯುತ್ ಪ್ರತ್ಯೇಕತೆಯನ್ನು ಒದಗಿಸುತ್ತವೆ. ಸಾಧಾರಣ ಯುಎಸ್‌ಬಿಯಲ್ಲಿ ಅದಿಲ್ಲ, ಯಂತ್ರದ ನೆಲವೇ ಗಣಕದ ನೆಲ. ಕೊನೆಗೆ ಅವರು ಕಾರ್ಡು ಬದಲಿಸಿದರು, ನೆರೆಯವರೊಡನೆ ರಾಜಿಯೂ ಆಯಿತು.

ಯಂತ್ರದ ಭಾಷೆ ಯಾವುದು?

ಇಷ್ಟೆಲ್ಲ ಹೇಳಿದರೂ, ಕಾರ್ಡು ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ವೇಗದ್ದಲ್ಲ. ಯಂತ್ರದಲ್ಲಿ ಈಗಿರುವ ಡ್ರೈವು ಯಾವ ಭಾಷೆ ಆಡುತ್ತದೆ ಎಂಬುದೇ ಮೊದಲ ಪ್ರಶ್ನೆ. ಎಂಬತ್ತು-ತೊಂಬತ್ತರ ದಶಕದ ಅನೇಕ ಡಿಸಿ ಸರ್ವೋ ಡ್ರೈವುಗಳು ಮೈನಸ್ 10ರಿಂದ ಪ್ಲಸ್ 10 ವೋಲ್ಟಿನ ಅನಲಾಗ್ ಆಜ್ಞೆಯನ್ನು ತೆಗೆದುಕೊಳ್ಳುತ್ತವೆ. ಡ್ರೈವೂ ಮೋಟಾರೂ ಸರಿಯಿದ್ದರೆ ಅವನ್ನು ಹಾಗೆಯೇ ಉಳಿಸಿಕೊಂಡು, ಅನಲಾಗ್ ಔಟ್‌ಪುಟ್ಟೂ ಎನ್‌ಕೋಡರ್ ಇನ್‌ಪುಟ್ಟೂ ಪ್ರತಿ ಅಕ್ಷಕ್ಕಿರುವ ಕಾರ್ಡನ್ನು ತರುವುದು ಅತ್ಯಂತ ಮಿತವ್ಯಯದ ಮಾರ್ಗ. ಇಂಥ ಯಂತ್ರಕ್ಕೆ ಬರಿಯ ಸ್ಟೆಪ್ ಸಂಕೇತದ ಕಾರ್ಡು ಕೊಂಡರೆ ಅದು ಕಪಾಟು ಸೇರುತ್ತದೆ. ಹಿಂಬರಹ ಎನ್‌ಕೋಡರಿನದೋ, ರಿಸಾಲ್ವರಿನದೋ, ತಯಾರಕರ ಸ್ವಂತ ಸೀರಿಯಲ್ ಭಾಷೆಯದೋ ಎಂಬುದನ್ನೂ ಪ್ಯಾನೆಲ್ ತೆರೆದು ನೋಡಿಯೇ ತೀರ್ಮಾನಿಸಬೇಕು.

ಡ್ರೈವು ಮೋಟಾರುಗಳನ್ನು ಹೇಗೂ ಹೊಸದಾಗಿ ಕೊಳ್ಳುವುದೆಂದಾದರೆ ಈಥರ್‌ಕ್ಯಾಟ್ ಅನ್ನು ಯೋಚಿಸಲೇಬೇಕು. ಜರ್ಮನಿಯ ಬೆಕಾಫ್ ಕಂಪನಿ 2003ರಲ್ಲಿ ಹೊರತಂದ ಈ ಪದ್ಧತಿಯಲ್ಲಿ ಒಂದೇ ಕಂತೆ ಎಲ್ಲ ಡ್ರೈವುಗಳ ಮೂಲಕ ಓಡುವ ರೈಲಿನಂತೆ ಹಾದುಹೋಗುತ್ತದೆ. ರೈಲು ನಿಲ್ಲುವುದಿಲ್ಲ, ಪ್ರತಿ ನಿಲ್ದಾಣವೂ ತನ್ನ ಬೋಗಿಯಿಂದ ತನ್ನ ಸರಕನ್ನು ತೆಗೆದುಕೊಂಡು ಹೊಸ ಸರಕನ್ನು ಓಡುತ್ತಿರುವಾಗಲೇ ಹಾಕಿಬಿಡುತ್ತದೆ. ನೂರು ಸರ್ವೋ ಅಕ್ಷಗಳನ್ನು 100 ಮೈಕ್ರೋಸೆಕೆಂಡಿನಲ್ಲಿ ಮಾತಾಡಿಸಬಹುದೆಂದು ಅದರ ಪ್ರವರ್ತಕರು ಹೇಳುತ್ತಾರೆ. ಎಲ್ಲ ಡ್ರೈವುಗಳ ಗಡಿಯಾರಗಳೂ ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಹೊಂದಿಕೊಂಡಿರುತ್ತವೆ. ಇದಕ್ಕೆ ವಿಶೇಷ ಕಾರ್ಡು ಬೇಡ, ಗಣಕದ ಸಾಧಾರಣ ಈಥರ್ನೆಟ್ ಪೋರ್ಟೇ ಸಾಕು. ಪ್ಯಾನೆಲಿನೊಳಗಿನ ತಂತಿಗಳ ಕಾಡು ಒಂದೆರಡು ಕೇಬಲ್ಲಿಗೆ ಇಳಿಯುತ್ತದೆ. ಲಿನಕ್ಸ್‌ಸಿಎನ್‌ಸಿಗೆ ಇದನ್ನು ಹೊಂದಿಸುವ ಮುಕ್ತ ತಂತ್ರಾಂಶವೂ ಇದೆ. ಆದರೆ ಕೈಗೆ ಸಿಕ್ಕ ಡ್ರೈವನ್ನು ಜೋಡಿಸಿ ಓಡಿಸುವುದು ಇನ್ನೂ ತಿಳಿದವರ ಕೆಲಸ. ಮೊದಲ ಬಾರಿಗೆ ರೆಟ್ರೋಫಿಟ್ ಮಾಡುವವರು ಇಲ್ಲಿಂದಲೇ ಆರಂಭಿಸಬೇಕೆಂದು ಹೇಳಲು ಈ ಲೇಖಕನ ಮನಸ್ಸು ಒಪ್ಪುವುದಿಲ್ಲ.

ಮತ್ತೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಸವೆದ ಬಾಲ್ ಸ್ಕ್ರೂವಿನ ಆಟವನ್ನು ಯಾವ ಕಾರ್ಡೂ ಗುಣಪಡಿಸದು. ಡಯಲ್ ಗೇಜ್ ಹಿಡಿದು ಬ್ಯಾಕ್‌ಲ್ಯಾಷ್ ನೋಡದೆ ಕಾರ್ಡಿಗೆ ಆರ್ಡರ್ ಕೊಡುವುದು ದುಂದು. 1953ರಲ್ಲಿ ಎಚ್‌ಎಂಟಿ ಜಾಲಹಳ್ಳಿಯಲ್ಲಿ ತಳವೂರಿದ ಮೇಲೆ, 1962ರಲ್ಲಿ ತುಮಕೂರು ರಸ್ತೆಯಲ್ಲಿ ಇಂದಿನ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಬಂದ ಮೇಲೆ, ಬೆಂಗಳೂರಿನ ಈ ಭಾಗದಲ್ಲಿ ಗೈಡ್‌ವೇ ಕೆರೆದು ಸಮಮಾಡಬಲ್ಲ ಕೈಗಳಿಗೆ ಬರವಿರಲಿಲ್ಲ. ಆ ಕೈಗಳು ಇರುವಾಗಲೇ ಯಂತ್ರದ ಮೈಯನ್ನು ಸರಿಮಾಡಿಸಿಕೊಳ್ಳುವುದು ಒಳಿತು.

ಗಣಕದ ಪರೀಕ್ಷೆ

ಕಾರ್ಡು ಬರುವ ಮೊದಲೇ ಗಣಕದ ಪರೀಕ್ಷೆ ಮಾಡಬಹುದು, ಖರ್ಚೂ ಇಲ್ಲ. ಲಿನಕ್ಸ್‌ಸಿಎನ್‌ಸಿಯಲ್ಲಿ ಲೇಟೆನ್ಸಿ ಪರೀಕ್ಷೆಯ ಉಪಕರಣವಿದೆ. ಅದನ್ನು ಓಡಿಸಿಟ್ಟು, ಅದೇ ವೇಳೆ ದೊಡ್ಡ ಕಡತಗಳನ್ನು ನಕಲು ಮಾಡಿ, ಪರದೆಯ ಮೇಲೆ ಚಿತ್ರಗಳನ್ನು ಓಡಿಸಿ, ಗಣಕವನ್ನು ಬೇಕೆಂದೇ ಪೀಡಿಸಬೇಕು. ಐದು ನಿಮಿಷ ಸಾಲದು, ಗಂಟೆಗಟ್ಟಲೆ ಬಿಡಬೇಕು. ನೋಡಬೇಕಾದುದು ಅತಿ ಕೆಟ್ಟ ಅಂಕಿಯನ್ನು, ಸರಾಸರಿಯನ್ನಲ್ಲ. ಪ್ಯಾರಲಲ್ ಪೋರ್ಟು ಬಳಸುವುದಾದರೆ ಅದು 15-20 ಮೈಕ್ರೋಸೆಕೆಂಡಿನೊಳಗಿದ್ದರೆ ಉತ್ತಮ, 30-50ರ ನಡುವೆ ಇದ್ದರೆ ವೇಗ ಕುಗ್ಗಿಸಿಕೊಂಡು ಸುಧಾರಿಸಬಹುದು, ನೂರು ದಾಟಿದರೆ ಆ ಪೋರ್ಟನ್ನು ಮರೆಯಬೇಕು. ಎಫ್‌ಪಿಜಿಎ ಕಾರ್ಡಿದ್ದರೆ ನೂರರ ಆಸುಪಾಸೂ ಕೆಲಸಕ್ಕೆ ಬರುತ್ತದೆ.

ಬಹಳ ಬೆಲೆಯ ಗಣಕ ಇಲ್ಲಿ ಗೆಲ್ಲಬೇಕೆಂದಿಲ್ಲ. ವಿದ್ಯುತ್ ಉಳಿಸಲೆಂದು ಪ್ರೊಸೆಸರು ಆಗಾಗ ತೂಕಡಿಸುವ, ಫ್ಯಾನು-ತಾಪಮಾನ ನೋಡಲೆಂದು ಬಯೋಸ್ ಯಾರಿಗೂ ಹೇಳದೆ ಪ್ರೊಸೆಸರನ್ನು ಕೆಲಕ್ಷಣ ಕಸಿದುಕೊಳ್ಳುವ ಚಾಳಿ ಹೊಸ ಗಣಕಗಳಲ್ಲಿ ಹೆಚ್ಚು. ಲ್ಯಾಪ್‌ಟಾಪುಗಳಲ್ಲಿ ಇನ್ನೂ ಹೆಚ್ಚು, ಅವನ್ನು ದೂರವಿಡುವುದೇ ಲೇಸು. ಕಚೇರಿಯಿಂದ ನಿವೃತ್ತವಾದ ಸಾಧಾರಣ ಮೇಜುಗಣಕವೊಂದು, ಬಯೋಸಿನಲ್ಲಿ ಈ ಉಳಿತಾಯದ ಸೌಲಭ್ಯಗಳನ್ನೆಲ್ಲ ಆರಿಸಿದ ಮೇಲೆ, ಹೊಸದಕ್ಕಿಂತ ಶಾಂತವಾಗಿ ನಡೆಯುವುದನ್ನು ಕಂಡವರಿದ್ದಾರೆ.

ಕೈತಪ್ಪಿದಾಗ

ಗಣಕ ನಡುವೆ ಸ್ತಬ್ಧವಾದರೆ? ಟೂಲು ಆಗ ಚಕ್ಕಿನತ್ತ ಓಡುತ್ತಿದ್ದರೆ? ಹೋಸ್ಟ್‌ಮಾಟ್2 ಕಾರ್ಡುಗಳಲ್ಲಿ ಇದಕ್ಕೊಬ್ಬ ಕಾವಲುಗಾರನಿದ್ದಾನೆ. ಸಾಮಾನ್ಯ ಸೆಟ್ಟಿಂಗಿನಲ್ಲಿ 5 ಮಿಲಿಸೆಕೆಂಡು ಗಣಕದಿಂದ ಮಾತಿಲ್ಲವೆಂದರೆ ಕಾರ್ಡು ಹೆಜ್ಜೆ ಇಡುವುದನ್ನು ತಾನಾಗಿ ನಿಲ್ಲಿಸಿ ಪಿನ್ನುಗಳನ್ನು ಕೈಬಿಡುತ್ತದೆ. ಪ್ಯಾರಲಲ್ ಪೋರ್ಟಿನಲ್ಲಿ ಇಂಥವನಿಲ್ಲ. ಕೊನೆಗೆ ಬರೆದ ಸ್ಥಿತಿಯಲ್ಲೇ ಅದು ನಿಂತುಬಿಡುತ್ತದೆ, ಸ್ಪಿಂಡಲ್ ಓಡುತ್ತಿದ್ದರೆ ಓಡುತ್ತಲೇ ಇರುತ್ತದೆ. ಸಾಲದ್ದಕ್ಕೆ ಗಣಕ ಬೂಟ್ ಆಗುವಾಗ ಬಯೋಸ್ ಆ ಪಿನ್ನುಗಳನ್ನು ಮೇಲೆ ಕೆಳಗೆ ಆಡಿಸುವುದೂ ಉಂಟು. ಬೆಳಗ್ಗೆ ಗಣಕ ಹಚ್ಚಿದೊಡನೆ ಚಕ್ಕು ಒಂದು ಸುತ್ತು ಹೊಡೆಯುವುದನ್ನು ನೋಡಿದ ಆಪರೇಟರ್ ಮತ್ತೆ ಆ ಯಂತ್ರದ ಹತ್ತಿರ ಕೈಯಿಡಲು ಹಿಂಜರಿದರೆ ತಪ್ಪೇನು? ಈ ಪೋರ್ಟು ಬಳಸುವವರು ‘ಚಾರ್ಜ್ ಪಂಪ್’ ಎಂಬ ಚಿಕ್ಕ ಸರ್ಕ್ಯೂಟಿರುವ ಬೋರ್ಡನ್ನೇ ಕೊಳ್ಳಬೇಕು. ತಂತ್ರಾಂಶ ಜೀವಂತವಾಗಿದ್ದು ಮಿಡಿತ ಕಳಿಸುತ್ತಿರುವಷ್ಟು ಹೊತ್ತು ಮಾತ್ರ ಅದು ಔಟ್‌ಪುಟ್ಟುಗಳನ್ನು ತೆರೆದಿಡುತ್ತದೆ.

ಎಫ್‌ಪಿಜಿಎ ಕಾರ್ಡುಗಳಲ್ಲೂ ಒಂದು ಸೂಕ್ಷ್ಮವಿದೆ. ಅವುಗಳ ನೇರ ಪಿನ್ನುಗಳು ವಿದ್ಯುತ್ ಬಂದ ಕೂಡಲೇ, ಕಾವಲುಗಾರ ಎಚ್ಚೆತ್ತಾಗಲೂ, ಮೇಲ್ಮಟ್ಟಕ್ಕೆ ಎಳೆಯಲ್ಪಡುವುದೇ ಸಾಮಾನ್ಯ. ಪಿನ್ನು ಮೇಲಿದ್ದಾಗ ರಿಲೇ ಹಚ್ಚಿಕೊಳ್ಳುವ ಬೋರ್ಡನ್ನು ಅಲ್ಲಿಗೆ ಜೋಡಿಸಿದರೆ, ಕಾಪಾಡಬೇಕಾದ ಗಳಿಗೆಯಲ್ಲೇ ಎಲ್ಲ ರಿಲೇಗಳೂ ಹತ್ತಿಕೊಳ್ಳುತ್ತವೆ. ಪಿನ್ನು ಕೆಳಗಿಳಿದಾಗ ಮಾತ್ರ ಹಚ್ಚಿಕೊಳ್ಳುವ ಬೋರ್ಡನ್ನೇ ಕೇಳಿ ಪಡೆಯಬೇಕು. ಕೆಂಪು ಅಣಬೆಯಾಕಾರದ ತುರ್ತು ನಿಲುಗಡೆಯ ಗುಂಡಿಯ ತಂತಿಯಂತೂ ಯಾವ ಕಾರ್ಡಿನ, ಯಾವ ತಂತ್ರಾಂಶದ ಅನುಮತಿಗೂ ಕಾಯದೆ ಸೇಫ್ಟಿ ರಿಲೇಯ ಮೂಲಕ ನೇರವಾಗಿ ಡ್ರೈವುಗಳ ವಿದ್ಯುತ್ತನ್ನೇ ಕಡಿಯುವಂತಿರಬೇಕು. ಗುಂಡಿ ಒತ್ತಲಾಗಿದೆ ಎಂಬ ಸುದ್ದಿ ಗಣಕಕ್ಕೆ ಬೇರೊಂದು ಇನ್‌ಪುಟ್ ತಂತಿಯಲ್ಲಿ ಹೋದರಾಯಿತು.